ಅರ್ಧ ಮಾತ್ರೆಯ ಗುಟ್ಟು

ಮಗುವಿಗೆ ಜ್ವರ ಬಂದರೆ ಅದು ಬಾಯಿಬಿಟ್ಟು ಹೇಳುತ್ತದೆ, ಇಲ್ಲವೇ ಅತ್ತಾದರೂ ತಿಳಿಸುತ್ತದೆ. ಬೆಕ್ಕಿಗೆ, ನಾಯಿಗೆ ಆ ಭಾಗ್ಯವಿಲ್ಲ. ಅದು ಮೂಲೆ ಹಿಡಿದು ಮಲಗುತ್ತದೆ, ತಟ್ಟೆಯ ಹಾಲು ಹಾಗೇ ಉಳಿಯುತ್ತದೆ. ಏನಾಯಿತೆಂದು ಡಾಕ್ಟರಿಗೆ ಹೇಳಬೇಕಾದವರು ಮನೆಯ ಮಂದಿಯೇ. ಆ ಮಂದಿಯೂ ಬಾಯಿ ಬಿಡದೆ ಹೋದರೆ ಗತಿಯೇನು? ಶಿವಮೊಗ್ಗದ ಒಂದು ಬಡಾವಣೆಯಲ್ಲಿ, ಒಂದೇ ಕಾಂಪೌಂಡ್ ಗೋಡೆಯ ಆಚೆ ಈಚೆ ಇರುವ ಎರಡು ಮನೆಗಳಲ್ಲಿ ನಡೆದ ಸಂಗತಿ ಇದು.

ಒಂದು ಮನೆಯಲ್ಲಿ ಒಂಬತ್ತನೇ ತರಗತಿ ಓದುವ ಹುಡುಗಿ. ಅವಳ ಬೆಕ್ಕು ಚಿನ್ನಿ. ತೂಕ ಮೂರು ಕಿಲೋ ಇದ್ದೀತು. ಶನಿವಾರ ಸಂಜೆಯಿಂದಲೇ ಚಿನ್ನಿ ಮಂಕಾಗಿತ್ತು. ಭಾನುವಾರ ಬೆಳಿಗ್ಗೆ ಹುಡುಗಿ ಅದರ ಕಿವಿ ಮುಟ್ಟಿ ನೋಡಿದರೆ ಬಿಸಿ ಬಿಸಿ. ಅಮ್ಮ ಸ್ನಾನಕ್ಕೆ ಹೋಗಿದ್ದರು. ತಮ್ಮನಿಗೆ ಜ್ವರ ಬಂದಾಗ ಅಮ್ಮ ಏನು ಮಾಡುತ್ತಾರೆಂಬುದು ಅವಳಿಗೆ ಗೊತ್ತಿತ್ತು. ಕಪಾಟಿನಿಂದ 500 ಮಿಲಿಗ್ರಾಮಿನ ಪ್ಯಾರಸಿಟಮಾಲ್ ಮಾತ್ರೆ ತೆಗೆದಳು. ಚಿಕ್ಕ ಪ್ರಾಣಿಯಲ್ಲವೇ, ಅರ್ಧ ಸಾಕು ಎಂದು ಮುರಿದಳು, ಪುಡಿ ಮಾಡಿದಳು, ಬೆಣ್ಣೆಯಲ್ಲಿ ಕಲಸಿ ಚಿನ್ನಿಯ ನಾಲಿಗೆಗೆ ಸವರಿದಳು. ತಾನೊಂದು ದೊಡ್ಡ ಕೆಲಸ ಮಾಡಿದೆನೆಂಬ ಸಮಾಧಾನದಲ್ಲಿ ಹೋಂವರ್ಕ್‌ಗೆ ಕುಳಿತಳು.

ಹನ್ನೊಂದು ಗಂಟೆಯ ಹೊತ್ತಿಗೆ ಚಿನ್ನಿಯ ಮುಖ ಊದಿಕೊಂಡಿತ್ತು. ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಓಡಿ ಬಂದಂತೆ ಏದುಸಿರು ಬಿಡುತ್ತಿತ್ತು. ಮನೆಯವರೆಲ್ಲ ಸುತ್ತ ನೆರೆದರು. ಹುಳ ಕಚ್ಚಿರಬೇಕು, ಅರಿಶಿನ ಹಚ್ಚಿ ಎಂದರು ಅಜ್ಜಿ. ಸ್ವಲ್ಪ ಹಾಲು ಕುಡಿಸಿ ನೋಡೋಣ ಎಂದರು ಅಮ್ಮ. ಇವತ್ತು ಭಾನುವಾರ, ಆಸ್ಪತ್ರೆ ಮುಚ್ಚಿರುತ್ತೆ, ನಾಳೆ ನೋಡಿದರಾಯಿತು ಎಂದರು ಅಪ್ಪ. ಹುಡುಗಿ ಮಾತ್ರ ಗೋಡೆಗೊರಗಿ ನಿಂತಿದ್ದಳು. ಎರಡು ವಾರದ ಕೆಳಗೆ ಅಪ್ಪನ ಮೊಬೈಲ್ ಫೋನನ್ನು ಕೈತಪ್ಪಿ ಬೀಳಿಸಿ ಒಡೆದದ್ದಕ್ಕೆ ತಿಂದ ಬೈಗುಳ ಇನ್ನೂ ಅವಳ ಕಿವಿಯಲ್ಲಿತ್ತು. ಈಗ ಮಾತ್ರೆಯ ಸಂಗತಿ ಹೇಳಿದರೆ? ಅವಳು ಸದ್ದಿಲ್ಲದೆ ಹಿತ್ತಲಿಗೆ ಹೋಗಿ, ಕಾಂಪೌಂಡ್ ಬಳಿ ನಿಂತು ಪಕ್ಕದ ಮನೆಯ ಅಣ್ಣನನ್ನು ಕರೆದಳು. ಅವನಿಗೆ ಎಲ್ಲವನ್ನೂ ಹೇಳಿ ಅತ್ತಳು.

ಪಕ್ಕದ ಮನೆಯ ಹುಡುಗ ಎರಡನೇ ಪಿಯುಸಿ. ಆ ಕ್ಷಣದಲ್ಲಿ ಅವನ ಮುಖ ಬಿಳುಚಿಕೊಂಡದ್ದಕ್ಕೆ ಕಾರಣವಿತ್ತು.

ಆರು ತಿಂಗಳ ಹಿಂದೆ ಅವನ ಮನೆಯಲ್ಲಿ ರಾಜಾ ಎಂಬ ನಾಯಿಯಿತ್ತು. ಹಿತ್ತಲ ಕೊಟ್ಟಿಗೆಯಲ್ಲಿ ಅಡಿಕೆ ಚೀಲ ಇಟ್ಟಿದ್ದರಿಂದ ಇಲಿಗಳ ಕಾಟ. ಅಂಗಡಿಯಿಂದ ತಂದ ನೀಲಿ ಬಣ್ಣದ ಇಲಿಪಾಷಾಣದ ಬಿಲ್ಲೆಗಳನ್ನು ಅಟ್ಟದ ಮೇಲಿಡು, ನಾಯಿ ಬಾಯಿ ಹಾಕುವಲ್ಲಿ ಇಡಬೇಡ ಎಂದು ಅಪ್ಪ ಮಗನಿಗೆ ಹೇಳಿದ್ದರು. ಅಟ್ಟ ಹತ್ತುವ ಸೋಮಾರಿತನಕ್ಕೆ ಅವನು ಚೀಲಗಳ ಸಂದಿಯಲ್ಲೇ ಇಟ್ಟ. ಮರುದಿನ ನೋಡಿದರೆ ಮೂರು ಬಿಲ್ಲೆ ಮಾಯ, ರಾಜಾನ ಮೂತಿಯ ಮೇಲೆ ನೀಲಿ ಪುಡಿ. ಅವನ ಎದೆ ಧಸಕ್ಕೆಂದಿತು. ಆದರೆ ರಾಜಾ ಎಂದಿನಂತೆ ಬಾಲ ಅಲ್ಲಾಡಿಸುತ್ತಿತ್ತು, ಅನ್ನ ತಿಂದಿತು, ಬೀದಿಯ ದನಕ್ಕೆ ಬೊಗಳಿತು. ಏನೂ ಆಗಲಿಲ್ಲ ಎಂದು ಅವನು ಮುಖ ಒರೆಸಿಬಿಟ್ಟ, ಮಾತೂ ನುಂಗಿಬಿಟ್ಟ.

ಆ ಜಾತಿಯ ವಿಷದ ಮೋಸವೇ ಅದು. ಅದು ಹೊಟ್ಟೆಗೆ ಹೋದ ಕೂಡಲೇ ಕೊಲ್ಲುವುದಿಲ್ಲ. ರಕ್ತ ಹೆಪ್ಪುಗಟ್ಟಲು ಬೇಕಾದ ಅಂಶಗಳನ್ನು ದೇಹ ತಯಾರಿಸದಂತೆ ತಡೆಯುತ್ತದೆ. ಇದ್ದ ದಾಸ್ತಾನು ಮುಗಿಯುವವರೆಗೆ, ಅಂದರೆ ಎರಡು ಮೂರು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ದಿನ, ನಾಯಿ ಆರೋಗ್ಯವಾಗಿಯೇ ಕಾಣುತ್ತದೆ. ಆಮೇಲೆ ಒಳಗೊಳಗೇ ರಕ್ತ ಸೋರತೊಡಗುತ್ತದೆ. ಇದಕ್ಕೆ ಮದ್ದಿದೆ, ಕೆ1 ವಿಟಮಿನ್. ವಾರಗಟ್ಟಲೆ ಕೊಡಬೇಕಾಗುತ್ತದೆ, ಆದರೆ ಮೊದಲೇ ಶುರು ಮಾಡಿದರೆ ಹೆಚ್ಚಿನ ನಾಯಿಗಳು ಬದುಕುತ್ತವೆ. ನಾಲ್ಕನೇ ದಿನ ರಾಜಾನ ಮೂಗಿನಿಂದ ರಕ್ತ ಬಂತು, ಒಸಡು ಕಾಗದದಂತೆ ಬಿಳಿಯಾಗಿತ್ತು. ಆಸ್ಪತ್ರೆಯ ಮೇಜಿನ ಮೇಲೆ ಮಲಗಿಸಿದಾಗ ಎದೆಯೊಳಗೆಲ್ಲ ರಕ್ತ ತುಂಬಿತ್ತು. ಹುಡುಗ ಆಗ ಬಾಯಿ ಬಿಟ್ಟ. ಕೇಳಿದ ಡಾಕ್ಟರಮ್ಮ ಅವನನ್ನು ಬೈಯಲಿಲ್ಲ. "ಮೊನ್ನೆಯೇ ಹೇಳಿದ್ದರೆ..." ಎಂದು ಅರ್ಧಕ್ಕೇ ನಿಲ್ಲಿಸಿದರು. ಸ್ವಲ್ಪ ಹೊತ್ತಿಗೆ ರಾಜಾ ಹೋಯಿತು. ಮನೆಯಲ್ಲಿ ಆ ಮಾತು ಮತ್ತೆ ಯಾರೂ ಎತ್ತಲಿಲ್ಲ. ಸರಪಳಿ ಮಾತ್ರ ಕೊಟ್ಟಿಗೆಯ ಮೊಳೆಯಲ್ಲಿ ತೂಗುತ್ತಲೇ ಇತ್ತು.

ಅಂಥ ಹುಡುಗ ಈಗ ಕಾಂಪೌಂಡ್ ಹಾರಿ ಬಂದ. ಹುಡುಗಿಯ ಕೈ ಹಿಡಿದು ನೇರ ನಡುಮನೆಗೆ ಕರೆದೊಯ್ದ. "ಅಂಕಲ್, ಇವಳನ್ನು ಈಗ ಬೈಬೇಡಿ. ಚಿನ್ನಿಗೆ ಅರ್ಧ ಜ್ವರದ ಮಾತ್ರೆ ಕೊಟ್ಟಿದ್ದಾಳೆ. ಮೊದಲು ಡಾಕ್ಟರಿಗೆ ಫೋನ್ ಮಾಡಿ" ಎಂದ.

ಅಪ್ಪನ ಮುಖ ಕೆಂಪಗಾಯಿತು. ಬಾಯಿ ತೆರೆದರು. ಹುಡುಗನ ಮುಖ ನೋಡಿ ಏನನ್ನಿಸಿತೋ, ತೆರೆದ ಬಾಯಿ ಮುಚ್ಚಿ ಫೋನ್ ಎತ್ತಿಕೊಂಡರು.

ಡಾಕ್ಟರಮ್ಮ ಭಾನುವಾರವೆಂದು ಅನ್ನಲಿಲ್ಲ. ಮೂರೇ ಪ್ರಶ್ನೆ ಕೇಳಿದರು: ಏನು ಕೊಟ್ಟದ್ದು, ಎಷ್ಟು ಕೊಟ್ಟದ್ದು, ಎಷ್ಟು ಹೊತ್ತಾಯಿತು. ಮೂರಕ್ಕೂ ಉತ್ತರ ಹುಡುಗಿಯ ಬಳಿಯೇ ಇತ್ತು. "ಮಾತ್ರೆಯ ಪಟ್ಟಿ ತನ್ನಿ. ಹಾಲು, ಎಣ್ಣೆ ಏನೂ ಕುಡಿಸಬೇಡಿ. ಗಾಳಿಯಾಡುವ ಬುಟ್ಟಿಯಲ್ಲಿಟ್ಟು ಈಗಲೇ ಹೊರಡಿ" ಎಂದರು.

ಕ್ಲಿನಿಕ್ಕಿನಲ್ಲಿ ಅವರು ಚಿನ್ನಿಯ ತುಟಿ ಎತ್ತಿ ತೋರಿಸಿದರು. ಗುಲಾಬಿ ಬಣ್ಣವಿರಬೇಕಾದ ಒಸಡು ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಒಂದು ಹನಿ ರಕ್ತ ತೆಗೆದು ಬಿಳಿ ಹತ್ತಿಯ ಮೇಲೆ ಬಿಟ್ಟರೆ ಕೆಂಪಿಲ್ಲ, ಕಾಫಿಪುಡಿಯ ಕಂದು. ಮನುಷ್ಯನ ಪಿತ್ತಜನಕಾಂಗ ಈ ಮಾತ್ರೆಯನ್ನು ಪಳಗಿಸಿ ಮೂತ್ರದಲ್ಲಿ ಹೊರಹಾಕಬಲ್ಲದು. ಆ ಕೆಲಸ ಮಾಡುವ ಕಿಣ್ವ ಬೆಕ್ಕಿನಲ್ಲಿ ತೀರಾ ಕಡಿಮೆ. ಆದ್ದರಿಂದ ಮಾತ್ರೆ ವಿಷವಾಗಿ ಮಾರ್ಪಟ್ಟು ರಕ್ತದ ಹಿಮೋಗ್ಲೋಬಿನನ್ನೇ ಕೆಡಿಸುತ್ತದೆ. ಗಾಳಿ ಎಳೆದುಕೊಂಡರೂ ರಕ್ತ ಆಮ್ಲಜನಕವನ್ನು ಹೊರಲಾರದು. ಮೂರು ಕಿಲೋ ಬೆಕ್ಕಿಗೆ ಅರ್ಧ ಮಾತ್ರೆಯೇ ಪ್ರಾಣಾಂತಕ.

ಮೂತಿಯ ಮುಂದೆ ಆಮ್ಲಜನಕದ ಕೊಳವೆ ಹಿಡಿದರು. ಇದಕ್ಕೆ ಬೇಕಾದ ಮದ್ದು ಎನ್-ಅಸಿಟೈಲ್‌ಸಿಸ್ಟೀನ್. ಪ್ಯಾರಸಿಟಮಾಲ್ ಹೆಚ್ಚಾಗಿ ನುಂಗಿದ ಮನುಷ್ಯರಿಗೂ ಇದನ್ನೇ ಕೊಡುತ್ತಾರೆ. ಅಪ್ಪ ಸ್ಕೂಟರಿನಲ್ಲಿ ಹೋಗಿ ದೊಡ್ಡಾಸ್ಪತ್ರೆಯ ಎದುರಿನ ಔಷಧಿ ಅಂಗಡಿಯಿಂದ ತಂದರು. ಆರು ಗಂಟೆಗೊಮ್ಮೆಯಂತೆ ಎರಡು ದಿನ ಅದನ್ನು ಕೊಡಬೇಕಾಯಿತು.

ಮೊದಲ ಬಾಟಲಿ ಹನಿ ಹನಿಯಾಗಿ ಇಳಿಯುವಷ್ಟು ಹೊತ್ತು ಡಾಕ್ಟರಮ್ಮ ಮಾತನಾಡುತ್ತಿದ್ದರು. ಪ್ರಾಣಿಗಳನ್ನು ಕೊಲ್ಲುವುದು ಬಹಳ ಸಲ ದ್ವೇಷವಲ್ಲ, ಪ್ರೀತಿ ಎಂದರು. ನಾಯಿಗೆ ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ ಆಗದು. ಸಕ್ಕರೆಯಿಲ್ಲದ ಚ್ಯೂಯಿಂಗ್ ಗಮ್ಮಿನಲ್ಲಿರುವ ಕ್ಸೈಲಿಟಾಲ್ ಅದಕ್ಕೆ ವಿಷ. ವಿಷ ತಿಂದಿತೆಂದು ವಾಂತಿ ಮಾಡಿಸಲು ಉಪ್ಪುನೀರು ಕುಡಿಸುತ್ತಾರೆ, ಆ ಉಪ್ಪೇ ಇನ್ನೊಂದು ವಿಷವಾದೀತು. ಸೀಮೆಎಣ್ಣೆ, ಆಸಿಡ್ ಹೊಟ್ಟೆಗೆ ಹೋಗಿದ್ದರಂತೂ ವಾಂತಿ ಮಾಡಿಸಲೇಬಾರದು. ಹಾವು ಕಚ್ಚಿದರೆ ಗಾಯ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಬೇಡ, ನಡೆಸದೆ ಎತ್ತಿಕೊಂಡು ಬರಬೇಕು. ಬಿಸಿಲಿನ ಝಳಕ್ಕೆ ಕುಸಿದ ನಾಯಿಯನ್ನು ನೆರಳಿಗೆ ತಂದು ಮೈಮೇಲೆ ತಣ್ಣೀರು ಸುರಿದು ಗಾಳಿ ಹಾಕುತ್ತಲೇ ಹೊರಡಬೇಕು. ಗಂಡುಬೆಕ್ಕು ಒಂದು ದಿನ ಮೂತ್ರ ಮಾಡದಿದ್ದರೂ ಅದು ತುರ್ತು. ವಾಹನ ಬಡಿದ ಪ್ರಾಣಿಯನ್ನು ಹಲಗೆಯ ಮೇಲೋ ದಪ್ಪ ಬಟ್ಟೆಯ ಮೇಲೋ ಮಲಗಿಸಿ ತರಬೇಕು. ನೋವಿನಲ್ಲಿ ಸಾಕಿದ ಕೈಯನ್ನೇ ಅದು ಕಚ್ಚೀತು. ಕಚ್ಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ರೇಬಿಸ್ ಲಸಿಕೆಗೆ ಹೋಗಬೇಕು. ಆ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವುದು ಇಲ್ಲವೆಂದೇ ಹೇಳಬೇಕು.

"ಇಷ್ಟೆಲ್ಲ ನೆನಪಿರದಿದ್ದರೂ ಪರವಾಗಿಲ್ಲ ಪುಟ್ಟಿ" ಎಂದರು ಕೊನೆಗೆ. "ಏನಾಯಿತೋ ಅದನ್ನು ಆದ ಹಾಗೇ ಹೇಳಿಬಿಡು. ಮಿಕ್ಕದ್ದು ನಮ್ಮ ಕೆಲಸ. ನೀನು ಇವತ್ತು ಹೇಳದೆ ಇದ್ದಿದ್ದರೆ ನಾನು ಹಾವೋ ಹುಳವೋ ಎಂದು ಹುಡುಕುತ್ತಾ ಇರುತ್ತಿದ್ದೆ. ಅಷ್ಟರಲ್ಲಿ ಹೊತ್ತು ಮೀರಿರುತ್ತಿತ್ತು."

ಮೂರನೇ ದಿನ ಚಿನ್ನಿ ಎದ್ದು ಮೀನಿನ ತುಂಡೊಂದನ್ನು ತಿಂದಿತು. ಮೊದಲು ಬಂದ ಜ್ವರದ ಮೂಲವೂ ಸಿಕ್ಕಿತು: ಬಾಲದ ಬುಡದಲ್ಲಿ ಇನ್ನೊಂದು ಬೆಕ್ಕು ಕಚ್ಚಿ ಕೀವು ತುಂಬಿದ ಸಣ್ಣ ಗಾಯ. ಅದನ್ನು ತೊಳೆದು ಔಷಧಿ ಕೊಟ್ಟರೆ ಮುಗಿಯುತ್ತಿತ್ತು.

ಈಗ ಆ ಮನೆಯ ಫ್ರಿಜ್ ಬಾಗಿಲಿನ ಮೇಲೆ ಒಂದು ಹಾಳೆ ಅಂಟಿಸಿದೆ. ಅದರಲ್ಲಿ ಡಾಕ್ಟರಮ್ಮನ ನಂಬರು, ಚಿನ್ನಿಯ ತೂಕ, ಹಾಕಿಸಿದ ಲಸಿಕೆಗಳ ದಿನಾಂಕ ಇವೆ. ಭಾನುವಾರ ಮತ್ತು ರಾತ್ರಿ ಯಾವ ಆಸ್ಪತ್ರೆ ತೆರೆದಿರುತ್ತದೆಂದು ಅಪ್ಪ ಮೊದಲೇ ವಿಚಾರಿಸಿ ಬರೆದಿದ್ದಾರೆ. ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ನಂಥ ಕಡೆ ಪಶುವೈದ್ಯಕೀಯ ಕಾಲೇಜುಗಳಿಗೆ ಸೇರಿದ ಆಸ್ಪತ್ರೆಗಳಿವೆ. ಮುಖ್ಯವಾಗಿ ದನಕರುಗಳಿಗೆಂದು ನಡೆಯುವ ಸಂಚಾರಿ ಪಶುಚಿಕಿತ್ಸಾ ವಾಹನಗಳಿಗೆ 1962 ಎಂಬ ಸಹಾಯವಾಣಿ ಇದೆ. ಎಲ್ಲಿ, ಯಾವ ಹೊತ್ತಿಗೆ ನೆರವು ಸಿಗುತ್ತದೆಂಬುದನ್ನು ಆಪತ್ತು ಬರುವ ಮೊದಲೇ ಕೇಳಿಟ್ಟುಕೊಳ್ಳಬೇಕು. ಬೆಕ್ಕು ಉಬ್ಬಸಪಡುವಾಗ ನಂಬರು ಹುಡುಕುತ್ತ ಕೂರಲಾಗದು. ಹಾಳೆಯ ತುದಿಯಲ್ಲಿ ಅಪ್ಪನ ಕೈಬರಹದಲ್ಲಿ ಇನ್ನೊಂದು ಸಾಲಿದೆ: 'ಏನೇ ಆದರೂ ಮೊದಲು ಹೇಳುವುದು. ಬೈಗುಳ ಆಮೇಲೆ.' ಅದರ ಕೆಳಗೆ ಹುಡುಗಿ ಪೆನ್ಸಿಲಿನಲ್ಲಿ 'ಆಮೇಲೆ ಎಂದರೆ ಯಾವಾಗ?' ಎಂದು ಬರೆದಿದ್ದಾಳೆ. ಅಪ್ಪ ಅದನ್ನು ಅಳಿಸಿಲ್ಲ.

ಮಕ್ಕಳು ತಪ್ಪು ಮಾಡುವುದು ಹೊಸದಲ್ಲ. ತಪ್ಪನ್ನು ಎಷ್ಟು ಬೇಗ ಹೇಳುತ್ತಾರೆಂಬುದು, ಹಿಂದಿನ ತಪ್ಪಿಗೆ ಮನೆಯವರು ಹೇಗೆ ನಡೆದುಕೊಂಡರೆಂಬುದರ ಮೇಲಿದೆ. ಒಡೆದ ಫೋನಿಗೆ ಬಿದ್ದ ಬೈಗುಳ ಒಂದು ಬೆಕ್ಕಿನ ಪ್ರಾಣಕ್ಕೆ ಎರವಾಗುವುದರಲ್ಲಿತ್ತು. ಶಿಸ್ತು ಬೇಡವೆಂದಲ್ಲ. ಹೆದರಿಕೆಗೆ ಬಾಯಿ ಕಟ್ಟಿಹೋಗುವಷ್ಟು ಶಿಸ್ತು ಬೇಡ, ಅಷ್ಟೆ.

ಚಿನ್ನಿ ಮನೆಗೆ ಬಂದ ಸಂಜೆ ಪಕ್ಕದ ಮನೆಯ ಯಜಮಾನರು ನೋಡಲು ಬಂದರು. ಮಗನೂ ಜೊತೆಯಲ್ಲಿದ್ದ. ಬೆಕ್ಕಿನ ತಲೆ ಸವರಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತರು. ಹೊರಡುವಾಗ ಮೆಟ್ಟಿಲ ಬಳಿ ನಿಂತು, "ಅವತ್ತು ನೀನು ಹೇಳದೆ ಇದ್ದದ್ದು ನನ್ನ ಹೆದರಿಕೆಗೆ ಅಲ್ಲವೇನೋ?" ಎಂದು ಕೇಳಿದರು. ಹುಡುಗ ತಲೆ ತಗ್ಗಿಸಿದ. ಅವರು ಮತ್ತೇನೂ ಹೇಳದೆ ಮಗನ ಹೆಗಲ ಮೇಲೆ ಕೈಹಾಕಿಕೊಂಡು ಮನೆಗೆ ನಡೆದರು.