ಮುಳ್ಳು ನುಡಿದ ಸುಳ್ಳು

ಶ್ರೀಮಠದ ಈ ಪ್ರೌಢಶಾಲೆಯಲ್ಲಿ ಕಲಿತ ಪಾಠಗಳಲ್ಲಿ ಒಂದು ನನ್ನ ವೃತ್ತಿಜೀವನದುದ್ದಕ್ಕೂ ಜೊತೆಗೆ ಬಂದಿತು. ಒಂಬತ್ತನೆಯ ತರಗತಿಯಲ್ಲಿ ನೀರು ಕಾಯಿಸುವ ಪ್ರಯೋಗ. ಉಷ್ಣತಾಮಾಪಕವು 100 ಡಿಗ್ರಿ ತೋರಿಸಿದೊಡನೆ ನಾನು ಅದನ್ನು ವಹಿಯಲ್ಲಿ ಬರೆದೆ. ವಿಜ್ಞಾನದ ಗುರುಗಳು ಬಳಿಗೆ ಬಂದು, “ತಮ್ಮಾ, ನೀರು ಕುದಿಯುತ್ತಿದೆಯೇನು?” ಎಂದರು. ಪಾತ್ರೆಯ ನೀರು ನಿಶ್ಚಲವಾಗಿತ್ತು. ಮಾಪಕದೊಳಗಿನ ಪಾದರಸದ ಎಳೆ ತುಂಡಾಗಿ ಮೇಲೆ ಸರಿದಿತ್ತು.

ಮುಂದೆ ವಿಮಾನದ ಎಂಜಿನುಗಳನ್ನು ಪರೀಕ್ಷಿಸುವ ಕೆಲಸಕ್ಕೆ ಸೇರಿದಾಗ ಆ ಪ್ರಶ್ನೆಯ ಬೆಲೆ ತಿಳಿಯಿತು. ಉರಿಯುವ ಎಂಜಿನಿನೊಳಗೆ ಯಾರೂ ಇಣುಕಿ ನೋಡಲಾರರು. ಅದರ ಒತ್ತಡ, ಉಷ್ಣತೆ, ತಿರುಗುವ ವೇಗ, ಇಂಧನದ ಹರಿವು ಇವೆಲ್ಲವನ್ನೂ ಸಂವೇದಕಗಳೇ ಅರಿತು ನಮಗೆ ತಿಳಿಸಬೇಕು.

1982ರ ಜನವರಿ 13ರಂದು ವಾಷಿಂಗ್ಟನ್ನಿನಲ್ಲಿ ಹಿಮ ಸುರಿಯುತ್ತಿತ್ತು. ಏರ್ ಫ್ಲಾರಿಡಾ ಸಂಸ್ಥೆಯ ಬೋಯಿಂಗ್ 737 ವಿಮಾನವು ಹಾರಲು ಸಿದ್ಧವಾಗಿತ್ತು. ಎಂಜಿನಿನ ಹಿಂಬದಿಯ ಒತ್ತಡವನ್ನು ಮುಂಬದಿಯ ಒತ್ತಡದಿಂದ ಭಾಗಿಸಿದಾಗ ಬರುವ ಸಂಖ್ಯೆಯೇ ಅದರಲ್ಲಿ ಬಲದ ಅಳತೆ. ಎಂಜಿನಿನ ಹಿಮನಿರೋಧಕ ಏರ್ಪಾಡನ್ನು ಚಾಲಕರು ಚಾಲೂ ಮಾಡಿರಲಿಲ್ಲ. ಮುಂಬದಿಯ ಒತ್ತಡವನ್ನು ಅರಿಯುವ ಸಣ್ಣ ನಳಿಕೆಯ ಬಾಯಿ ಮಂಜುಗಡ್ಡೆಯಿಂದ ಮುಚ್ಚಿಹೋಯಿತು. ಭಾಜಕವು ಕುಗ್ಗಿದ್ದರಿಂದ ಭಾಗಲಬ್ಧವು ಹಿಗ್ಗಿತು. ಮುಳ್ಳು 2.04 ಎಂದಿತು, ನಿಜವಾಗಿ ಇದ್ದುದು ಸುಮಾರು 1.70 ಮಾತ್ರ. ಉಳಿದ ಮುಳ್ಳುಗಳು ಈ ಕೊರತೆಯನ್ನು ಹೇಳುತ್ತಲೇ ಇದ್ದವು. ನೆಲದ ಮೇಲೆ ಓಡುತ್ತಿರುವಾಗಲೇ ಸಹಚಾಲಕನು ತನ್ನ ಸಂದೇಹವನ್ನು ನುಡಿದನು. ನಾಯಕನು ಓಟವನ್ನು ನಿಲ್ಲಿಸಲಿಲ್ಲ. ರೆಕ್ಕೆಗಳ ಮೇಲೂ ಹಿಮ ಹೊತ್ತಿದ್ದ ಆ ವಿಮಾನವು ಸೇತುವೆಗೆ ಬಡಿದು ಪೊಟೊಮ್ಯಾಕ್ ನದಿಗೆ ಬಿದ್ದಿತು. ಸೇತುವೆಯ ಮೇಲಿದ್ದ ನಾಲ್ವರೂ ಸೇರಿ 78 ಮಂದಿ ಅಸುನೀಗಿದರು.

ಇಂದಿನ ಎಂಜಿನುಗಳನ್ನು ನಿಯಂತ್ರಿಸುವ ಗಣಕದಲ್ಲಿ ಎರಡು ಅಂಗಗಳಿದ್ದು, ಒಂದರ ಅಳತೆಯನ್ನು ಇನ್ನೊಂದರೊಡನೆ ತಾಳೆ ನೋಡಲಾಗುತ್ತದೆ. ನಮ್ಮ ಗುರುಗಳ ಪ್ರಶ್ನೆಯನ್ನೇ ಯಂತ್ರಕ್ಕೂ ಕಲಿಸಿದಂತಾಗಿದೆ. ಆದರೆ ಮನುಷ್ಯನಾದ ನಾನು ಅದನ್ನು ಮರೆತ ದಿನವೂ ಉಂಟು. ಪರೀಕ್ಷೆಯ ನಡುವೆ ಕಿರಿಯ ಸಹೋದ್ಯೋಗಿಯೊಬ್ಬನು, “ಈ ಉಷ್ಣತೆ ಸರಿ ಕಾಣುವುದಿಲ್ಲ ಸಾರ್” ಎಂದಾಗ ನಾನು ಸಿಡುಕಿದ್ದೆ. ಅವನು ಮರುದಿನವೂ ಅದನ್ನೇ ಹೇಳಿದನು. ಬಿಚ್ಚಿ ನೋಡಿದಾಗ ಸಂವೇದಕದ ತಂತಿಯೊಂದು ಸಡಿಲವಾಗಿತ್ತು. ಅಂದು ನಾನು ಅವನ ಕ್ಷಮೆ ಬೇಡಿದೆ.

ಉಪಕರಣವು ಕೆಟ್ಟರೆ ಅದನ್ನು ಬದಲಿಸಬಹುದು. ಕೇಳುವ ಕಿವಿ ಕೆಟ್ಟರೆ ಅದಕ್ಕೆ ಬದಲಿ ಎಲ್ಲಿದೆ? ಈ ಶಾಲೆಯ ಪ್ರಯೋಗಾಲಯಕ್ಕೆ ದಾನಿಗಳು ಹೊಸ ಉಪಕರಣಗಳನ್ನು ನೀಡಲಿ, ಅದರೊಡನೆ “ಇದು ಸರಿಯೇ?” ಎಂದು ಕೇಳುವ ಹುಡುಗನಿಗೆ ಕಿವಿಗೊಡುವ ಗುರುಗಳ ಪರಂಪರೆಯೂ ಇಲ್ಲಿ ಎಂದೆಂದಿಗೂ ಮುಂದುವರಿಯಲಿ ಎಂಬುದು ನನ್ನ ವಿನಮ್ರ ಪ್ರಾರ್ಥನೆ.