ಪಾಲಹಳ್ಳಿಯ ದಾರಿಯಲ್ಲಿ ಎರಡು ಚಕ್ರಗಳು

ಶ್ರೀರಂಗಪಟ್ಟಣದಿಂದ ಕನ್ನಂಬಾಡಿಯ ಬೃಂದಾವನಕ್ಕೆ ಹೊರಟವರು ನಡುವಣ ಪಾಲಹಳ್ಳಿಯಲ್ಲಿ ನಿಲ್ಲುವುದು ವಿರಳ. 1847ರಲ್ಲಿ ಇಲ್ಲಿ ಸ್ಥಾಪಿತವಾದ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆಯು ರೈತರ ಬೆಲ್ಲವನ್ನು ಸಕ್ಕರೆಯಾಗಿಸುತ್ತಿತ್ತು. ಅಂದಿನ ಹೊರೆಯೆಲ್ಲ ಎತ್ತಿನ ಗಾಡಿಯ ಮರದ ಚಕ್ರದ ಮೇಲೆ; ಇಂದು ಈ ಸೀಮೆಯ ಕಬ್ಬನ್ನು ಲಾರಿಗಳೂ ಹೊರುತ್ತವೆ.

ಗಾಡಿಯ ಅಚ್ಚನ್ನೆತ್ತಿ ಆನಿಸಿ, ಕಡಾಣಿ ಕಿತ್ತರೆ ಚಕ್ರ ಕೈಗೆ ಬರುತ್ತದೆ. ಲಾರಿಯದು ಹಾಗಲ್ಲ. ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಸಡಿಲಿಸಿ, ಬಳಿಕ ಜಾಕಿಯೇರಿಸಬೇಕು. ಟ್ಯೂಬುಳ್ಳ ಹಲವು ಚಕ್ರಗಳಲ್ಲಿ ಟೈರನ್ನು ಹಿಡಿದಿಡುವ ಉಕ್ಕಿನ ಬಳೆಯೊಂದುಂಟು. ಟ್ಯೂಬಿಲ್ಲದ ಚಕ್ರಕ್ಕೆ ಆ ಬಳೆಯಿಲ್ಲ. ಗಾಳಿಯನ್ನು ಪೂರ್ತಿ ಬಿಡದೆ ಬಳೆಯನ್ನು ಕೀಳಹೋದರೆ ಅದು ಸಿಡಿದು ಪ್ರಾಣವನ್ನೇ ತೆಗೆದೀತು. ಬಳೆ ಸರಿಯಾಗಿ ಕೂರದೆ ಗಾಳಿ ತುಂಬಿದರೂ ಅಷ್ಟೆ. ರಸ್ತೆಯ ಬದಿಯಲ್ಲಿ ಆ ಕೆಲಸ ನಡೆದಿದ್ದರೆ ಮಕ್ಕಳನ್ನು ದೂರ ನಿಲ್ಲಿಸಿಕೊಳ್ಳಿರಿ.