ಹಂಪ್ಸ್ ಹಾಕ್ಬುಡಿ ಅಂದ್ರೆ ಸಾಲದು

ನಮ್ಮ ಬೆಸಗರಹಳ್ಳಿ ಕಡೆ ಯಾವೂರಲ್ಲೇ ಆಗಲಿ, ಬೀದೀಲಿ ಯಾರಿಗಾದರೂ ಗಾಡಿ ಗುದ್ದಿದರೆ ಮಾರನೇ ದಿನ ಕೇಳಿಬರೋ ಮಾತು ಒಂದೇ: "ಇಲ್ಲೊಂದು ಹಂಪ್ಸ್ ಹಾಕ್ಬುಡಿ, ಸಾಕು." ಸರ್ಕಾರದೋರು ಬರೋ ತನಕ ಕಾಯೋರ್ಯಾರು? ಒಂದಷ್ಟು ಜಲ್ಲಿ, ನಾಕು ಚೀಲ ಸಿಮೆಂಟು, ಒಂದು ರಾತ್ರಿ. ಬೆಳಗಾಗೋ ಹೊತ್ತಿಗೆ ಹಂಪ್ಸ್ ಎದ್ದಿರುತ್ತೆ.

ಆ ಸಂಕಟ ಸುಳ್ಳಲ್ಲ. ಮಣ್ಣಿನ ಬೀದಿ ಇದ್ದಾಗ ಗುಂಡಿ, ಎತ್ತಿನಗಾಡಿ ಜಾಡು, ಜಗಲಿ ಮುಂದೆ ಕಟ್ಟಿದ ಎಮ್ಮೆ ಇವೇ ವೇಗ ತಗ್ಗಿಸುತ್ತಿದ್ದವು. ಕಾಂಕ್ರೀಟು ಬಂತು, ಬೀದಿ ನುಣ್ಣಗಾಯ್ತು, ಬೈಕುಗಳು ಹಾರತೊಡಗಿದವು. ನಡೆಯೋರು ಮಾತ್ರ ಅವರೇ: ಕ್ಯಾನು ಹಿಡಿದು ಡೈರಿಗೆ ಹೋಗೋ ಹೆಂಗಸರು, ಶಾಲೆ ಮಕ್ಕಳು, ಕೋಲೂರಿಕೊಂಡು ಬರೋ ಅಜ್ಜಿ. 60 ಕಿ.ಮೀ. ವೇಗದ ಬೈಕು ಒಂದು ಸೆಕೆಂಡಿಗೆ ಹೆಚ್ಚುಕಮ್ಮಿ 17 ಮೀಟರ್ ಓಡುತ್ತೆ. ಅಜ್ಜಿ ಕಣ್ಣಿಗೆ ಬಿದ್ದು ಬ್ರೇಕ್ ಅದುಮೋ ಅಷ್ಟರಲ್ಲಿ ಎರಡು ಮನೆ ದಾಟಿರುತ್ತೆ. ಅದೇ 30ಕ್ಕೆ ಇಳಿದರೆ ಗುದ್ದಿನ ಶಕ್ತಿ ಅರ್ಧವಲ್ಲ, ಕಾಲು ಭಾಗಕ್ಕೆ ಇಳಿಯುತ್ತೆ. 2020ರಲ್ಲಿ ಸ್ಟಾಕ್‌ಹೋಮಿನ ಜಾಗತಿಕ ರಸ್ತೆ ಸುರಕ್ಷತಾ ಸಮ್ಮೇಳನ, ಜನ-ಗಾಡಿ ಬೆರೆತು ಓಡಾಡೋ ಕಡೆ 30ರ ಮಿತಿ ಇರಲಿ ಅಂದದ್ದೂ ಇದಕ್ಕೇ.

ಆದರೆ ನಾವು ರಾತ್ರೋರಾತ್ರಿ ಹಾಕೋ ಹಂಪ್ಸ್ ನೋಡಿ. ಒಂದಡಿ ಅಗಲ, ಅರ್ಧ ಅಡಿ ಎತ್ತರ, ಬಣ್ಣವಿಲ್ಲ, ಬೋರ್ಡಿಲ್ಲ. ಬೈಕಿನ ಹಿಂದೆ ಒಂದೇ ಕಡೆ ಕಾಲು ಹಾಕಿ ಕೂತ ಹೆಂಗಸು ಎಗರಿಬೀಳ್ತಾಳೆ. ಆಟೋದಲ್ಲಿ ಆಸ್ಪತ್ರೆಗೆ ಹೊರಟ ಬಸುರಿಯ ಪಾಡು ಕೇಳಲೇಬೇಡಿ. ಇನ್ನೊಂದು ಎಡವಟ್ಟು ಅಂದ್ರೆ, ನೀರು ಹರೀಲಿ ಅಂತ ಚರಂಡಿ ಪಕ್ಕ ಒಂದೂವರೆ ಅಡಿ ಸಂದು ಬಿಟ್ಟಿರ್ತೀವಿ. ಹುಡುಗರು ಬೈಕನ್ನ ವೇಗ ತಗ್ಗಿಸದೆ ಆ ಸಂದಲ್ಲೇ ನುಗ್ಗಿಸ್ತಾರೆ. ಅಜ್ಜಿ ನಡೆಯೋದೂ ಅಲ್ಲೇ! ಅವಳನ್ನ ಕಾಯೋಕೆ ಹಾಕಿದ್ದು ಬೈಕನ್ನ ಅವಳ ಕಾಲಬುಡಕ್ಕೇ ತಂದು ಬಿಡ್ತು.

ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲೇ ಇದಕ್ಕೊಂದು ಅಳತೆ ಹೇಳಿದೆ. ಹಂಪ್ಸ್‌ನ ಅಗಲ 3.7 ಮೀಟರ್, ಅಂದ್ರೆ ಹನ್ನೆರಡು ಅಡಿ. ನಡುವಿನ ಎತ್ತರ ಬರೀ 10 ಸೆಂಟಿಮೀಟರ್. ಆಮೆ ಬೆನ್ನಿನ ಹಾಗೆ ಮೆಲ್ಲಗೆ ಏರಿ ಮೆಲ್ಲಗೆ ಇಳೀಬೇಕು. 25 ಕಿ.ಮೀ.ನಲ್ಲಿ ಹೋದರೆ ಸೊಂಟಕ್ಕೆ ನೋವಿಲ್ಲ, ಜೋರಾಗಿ ಹೋದರೆ ಮಾತ್ರ ಪೆಟ್ಟು. ಮೇಲೆ ಬಿಳಿ ಪಟ್ಟೆ, 40 ಮೀಟರ್ ಮುಂಚೆ ಒಂದು ಬೋರ್ಡು. ಸಂದಿಗೆ ಒಂದು ಕಲ್ಲುಕಂಬ ನೆಟ್ಟರೆ ನೀರೂ ಹರಿಯುತ್ತೆ, ಬೈಕೂ ನುಗ್ಗಲ್ಲ.

"ಅಷ್ಟಗಲ ಮಾಡಕ್ಕೆ ಕಾಸೆಲ್ಲಿ ತರನ ಕಣಣ್ಣ?" ಅಂತ ಕೇಳ್ತಾರೆ. ನಿಜ, ಜಲ್ಲಿ, ಸಿಮೆಂಟು ಎರಡೂ ಜಾಸ್ತಿ ಬೇಕು. ಆದರೆ ಇದ್ಯಾವುದೂ ಒಂದು ರಾತ್ರಿ ಆಸ್ಪತ್ರೆ ಖರ್ಚಿಗಿಂತ ದೊಡ್ಡದಲ್ಲ. ತಿರುವಿನಲ್ಲಿ ಮರಳು ತುಂಬಿ ಬಿಳಿ ಬಣ್ಣ ಬಳಿದ ಎರಡು ಡ್ರಮ್ಮು ಇಟ್ಟರೂ ದಾರಿ ಕಿರಿದಾಗಿ ಗಾಡಿ ತಾನಾಗೇ ನಿಧಾನವಾಗುತ್ತೆ. ನೆದರ್ಲೆಂಡ್ಸಿನ ಡೆಲ್ಫ್ಟ್ ಊರಿನಲ್ಲಿ ಹೀಗೇ ಬೀದಿಯಲ್ಲಿ ಗಾಡಿಗಳಿಗೆ ಅಡ್ಡಿ ಇಟ್ಟು ನಿಧಾನ ಮಾಡಿದರು. ಅಂಥ ಬೀದಿಗಳಿಗೆ ಆ ದೇಶ 1976ರಲ್ಲಿ ಕಾನೂನನ್ನೇ ಮಾಡಿತು.

ಮುಂದಿನ ಗ್ರಾಮಸಭೆಯಲ್ಲಿ ಹಂಪ್ಸ್ ಕೇಳೋರು ಜೊತೆಗೆ ಒಂದು ಟೇಪು ತಗೊಂಡು ಹೋಗಿ. ಊರೊಳಗಿನ ಬೀದಿಯಾದರೆ ಪಂಚಾಯ್ತಿಗೆ, ದೊಡ್ಡ ರಸ್ತೆಯಾದರೆ ಲೋಕೋಪಯೋಗಿ ಇಲಾಖೆಗೆ ಅರ್ಜಿ ಕೊಡಿ. ಅದರಲ್ಲಿ "ಹಂಪ್ಸ್ ಬೇಕು" ಅಂತಷ್ಟೇ ಬರೀಬೇಡಿ. ಹನ್ನೆರಡು ಅಡಿ ಅಗಲ, ನಾಲ್ಕು ಇಂಚು ಎತ್ತರ ಅಂತ ಬಿಡಿಸಿ ಬರೀರಿ.